ಇನ್ನೂರ ಹನ್ನೊಂದನೆಯ ಪ್ರಶ್ನೆ

ಕಾರ್ಲ್‌ಟನ್ ಮೇಹ್ಯೂಗೆ ಜೋಡಿ ಹುಡುಕುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ ದಿನವೇ ನಾನು ಆಗುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಮೂವತ್ತನಾಲ್ಕು ವರ್ಷದ ಸ್ನೇಹ ಎಂಬ ಹಾಳು ಸಂಕೋಚ ಅಡ್ಡ ಬಂತು. ಅವನು ಓಹಾಯೊದ ಗವರ್ನರ್ ಆಗಿ ಎರಡು ಸಲ ಗೆದ್ದಾಗಲೂ ಪಕ್ಕದಲ್ಲಿದ್ದವಳು ನಾನೇ. ಅವನ ಹೆಂಡತಿ ತೀರಿಕೊಂಡಾಗ ಮೂರು ದಿನ ಅವನ ಅಡುಗೆಮನೆಯಲ್ಲಿ ಕೂತು ಬಂದವರಿಗೆಲ್ಲ ಕಾಫಿ ಕಾಸಿ ಕೊಟ್ಟವಳೂ ನಾನೇ. ಈ ವರ್ಷ ಅವನು ಪಕ್ಷದೊಳಗಿನ ಎಲ್ಲರನ್ನೂ ಸೋಲಿಸಿ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಿ ನಿಂತಿದ್ದ. ಇನ್ನು ಹತ್ತು ದಿನಕ್ಕೆ ಕ್ಲೀವ್‌ಲ್ಯಾಂಡಿನಲ್ಲಿ ಪಕ್ಷದ ಮಹಾಸಭೆ. ಅಷ್ಟರೊಳಗೆ ಉಪಾಧ್ಯಕ್ಷ ಅಭ್ಯರ್ಥಿ ಯಾರು ಎಂದು ಹೇಳಿಬಿಡಬೇಕಿತ್ತು.

ನನ್ನ ಹೆಸರು ವಿನಿಫ್ರೆಡ್ ಹ್ಯಾಸ್ಕೆಲ್. ವಯಸ್ಸು ಅರವತ್ತೇಳು, ಕಸುಬು ವಕೀಲಿ, ಬಾಯಿ ಜೋರು. ಉಪಾಧ್ಯಕ್ಷರಾಗುವ ಆಸೆಯಲ್ಲಿ ಬರುವವರನ್ನು ಮೊದಲೇ ಕೂರಿಸಿಕೊಂಡು ಒಳಗಿನ ಹುಳುಕೆಲ್ಲ ಹೊರಗೆಳೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ; ನಾವು ಎಳೆಯದಿದ್ದರೆ ಪತ್ರಿಕೆಯವರು ಎಳೆಯುತ್ತಾರೆ. ನಾನು ಇದನ್ನು ಹಿಂದೆ ಎರಡು ಚುನಾವಣೆಗಳಲ್ಲಿ ಮಾಡಿದ್ದೆ. ನನ್ನ ಪಟ್ಟಿಯಲ್ಲಿ ಇನ್ನೂರ ಹತ್ತು ಪ್ರಶ್ನೆಗಳಿವೆ. ತೆರಿಗೆ, ಕಾಯಿಲೆ, ಕುಡಿತ, ಮುರಿದ ಮದುವೆ, ಮುರಿಯದೆ ಎಳೆದಾಡುತ್ತಿರುವ ಮದುವೆ, ಮಕ್ಕಳು ಇಂಟರ್ನೆಟ್ಟಿನಲ್ಲಿ ಬರೆದುಕೊಂಡ ಹೊಲಸು, ಯಾವುದನ್ನೂ ಬಿಡುವುದಿಲ್ಲ. ಇನ್ನೂರ ಹನ್ನೊಂದನೆಯದು ಮಾತ್ರ ಕಾಗದದ ಮೇಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ನಾವು ಕೇಳದೆ ಬಿಟ್ಟಿದ್ದು ಏನಾದ್ರೂ ಇದೆಯಾ?" ಎಂದು ಕೇಳಿ ಸುಮ್ಮನಾಗುತ್ತೇನೆ. ಒಂದು ನಿಮಿಷ ತುಟಿ ಪಿಟಕ್ಕೆನ್ನುವುದಿಲ್ಲ. ಆ ಒಂದು ನಿಮಿಷವನ್ನು ದಾಟಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಬ್ಬ ಸೇನಾಧಿಕಾರಿ, ಎದೆ ತುಂಬ ಪದಕ ಹೊತ್ತವನು, ಐವತ್ತನೆಯ ಸೆಕೆಂಡಿಗೆ ಅಳಲು ಶುರುಮಾಡಿದ್ದ.

ಊರವರನ್ನೆಲ್ಲ ಹೀಗೆ ಹಿಂಡುವ ನಾನು ನನ್ನ ಹೊಟ್ಟೆಯಲ್ಲಿ ಏನು ಬಚ್ಚಿಟ್ಟುಕೊಂಡಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮಾರ್ಚ್ ಒಂಬತ್ತರ ಮಧ್ಯಾಹ್ನ ಇಲಿನಾಯ್‌ನಲ್ಲಿ ಕಾರಿನಲ್ಲಿ ಹೋಗುತ್ತಿದ್ದಾಗ ಕಾರ್ಲ್ ಮಾತಿನ ನಡುವೆ ತೊದಲಿದ. ಅವನ ಎಡಗೈ ಸೀಟಿನಿಂದ ಜಾರಿ ಬಿತ್ತು. ಎತ್ತಲು ಹೋದರೆ ಅವನಿಗೆ ಅದು ತನ್ನ ಕೈ ಎಂದೇ ಗೊತ್ತಾಗುತ್ತಿರಲಿಲ್ಲ. ಪಿಯೋರಿಯಾದಲ್ಲಿ ನನ್ನ ಚಿಕ್ಕಪ್ಪನ ಮಗ ಡಾಕ್ಟರು. ಅವನ ಮನೆಯ ಹಿಂಬಾಗಿಲಿಂದ ಒಳಗೆ ಕರೆದುಕೊಂಡು ಹೋದೆವು. "ಲಕ್ವ. ಸಣ್ಣದು. ಇನ್ನೊಂದು ಬರಬಹುದು. ನಾಳೆಯೋ ಹತ್ತು ವರ್ಷಕ್ಕೋ, ನಾನು ದೇವರಲ್ಲ ವಿನ್ನಿ," ಎಂದ ಅವನು. ನಾವು ಪತ್ರಿಕೆಯವರಿಗೆ ಹೇಳಿದ್ದು ಬೇರೆ: ಬೆಳಿಗ್ಗೆ ಹೋಟೆಲಿನಲ್ಲಿ ತಿಂದ ಮೊಟ್ಟೆ ಸ್ಯಾಂಡ್‌ವಿಚ್ ಹಳಸಿತ್ತು, ಹೊಟ್ಟೆ ಕೆಟ್ಟಿದೆ. ಆ ಹೋಟೆಲಿನ ಹೆಂಗಸು ಟೀವಿಯಲ್ಲಿ ಬಂದು ತನ್ನ ಮೊಟ್ಟೆ ತಾಜಾ ಎಂದು ಅತ್ತಳು. ಯಾರೂ ನಂಬಲಿಲ್ಲ. ಅವಳ ಹೋಟೆಲಿಗೆ ಗಿರಾಕಿಗಳು ಬರುವುದೇ ನಿಂತುಹೋಯಿತು. ಅದನ್ನು ನೋಡಿಯೂ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮಾತು ಸರಿಹೋಯಿತು. ಕೈ ಸರಿಹೋಗಲಿಲ್ಲ. ಎದೆಯ ಮಟ್ಟಕ್ಕಿಂತ ಮೇಲೆ ಅದು ಏಳುತ್ತಿರಲಿಲ್ಲ, ಬೆರಳಿಗೆ ಹಿಡಿತವಿರಲಿಲ್ಲ. ಡೆಕ್ಸ್ಟರ್ ಅದಕ್ಕೊಂದು ಉಪಾಯ ಮಾಡಿದ. ಡೆಕ್ಸ್ಟರ್ ಪ್ರೌಟಿ ಎಂದರೆ ಕಾರ್ಲ್‌ನ ಪ್ರಚಾರ ನಡೆಸುವವನು. ಮೂವತ್ತೆಂಟು ವರ್ಷ, ನಕ್ಷೆ ಮತ್ತು ಶೇಕಡಾವಾರು ಬಿಟ್ಟು ಬೇರೇನನ್ನೂ ಓದದವನು. "ಎಡಗೈ ಯಾವಾಗ್ಲೂ ಪ್ಯಾಂಟ್ ಜೇಬಲ್ಲೇ ಇರ್ಲಿ ಗವರ್ನರ್ರೇ. ಗತ್ತು ಅಂದ್ಕೋತಾರೆ," ಎಂದಿದ್ದ. ಅಂದುಕೊಂಡರು. ಜೂನ್ ಹೊತ್ತಿಗೆ ಕಾಲೇಜು ಹುಡುಗರೆಲ್ಲ ಎಡಗೈ ಜೇಬಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಚಿತ್ರ ಅಚ್ಚು ಹಾಕಿದ ಟೀಶರ್ಟುಗಳು ಬಂದವು. 

ಕಾರ್ಲ್ ಗೆದ್ದರೆ ನಾಲ್ಕು ವರ್ಷವೂ ಆ ಕುರ್ಚಿಯಲ್ಲಿ ಅವನೇ ಕೂರುತ್ತಾನೆಂಬ ಭರವಸೆ ಇರಲಿಲ್ಲ. ಎರಡನೆಯವರನ್ನು ಆರಿಸುವ ನೆಪದಲ್ಲಿ ನಾವು ನಿಜವಾಗಿ ಆರಿಸುತ್ತಿದ್ದದ್ದು ಮೊದಲನೆಯವರನ್ನು. ಇದು ಗೊತ್ತಿದ್ದದ್ದು ಡಾಕ್ಟರನ್ನು ಬಿಟ್ಟರೆ ಕಾರ್ಲ್, ಡೆಕ್ಸ್ಟರ್, ನಾನು, ಮೂವರಿಗೇ.

ಸ್ಯಾಂಡಸ್ಕಿಯಲ್ಲಿ ಸರೋವರದ ದಂಡೆಗೆ ಕಾರ್ಲ್‌ನ ಮನೆ. ಗೇಟಿನ ಹೊರಗೆ ಪತ್ರಿಕೆಯವರು ಮಡಚುವ ಕುರ್ಚಿ ಹಾಕಿಕೊಂಡು ವಾರದಿಂದ ಠಿಕಾಣಿ ಹೂಡಿದ್ದರು. ಅವರ ಕಣ್ಣು ತಪ್ಪಿಸಬೇಕೆಂದು ಪದವಿಯ ಆಸೆಯವರನ್ನು ನಲ್ಲಿ ರಿಪೇರಿಯವನ ವ್ಯಾನಿನಲ್ಲಿ ಕೂರಿಸಿ ಹಿಂದಿನ ಗೇಟಿನಿಂದ ತರುತ್ತಿದ್ದೆವು. ದೇಶದ ದೊಡ್ಡ ದೊಡ್ಡ ಮನುಷ್ಯರು ಪೈಪುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬರುತ್ತಿದ್ದರು. ಆರು ಜನ ಬಂದು ಹೋದ ಮೇಲೆ ನನ್ನ ಲೆಕ್ಕದಲ್ಲಿ ಇನ್ನೂ ಬರಬೇಕಾದವರು ಇಬ್ಬರು ಉಳಿದರು.

ಮೊದಲನೆಯವನು ಆರಿಜೋನಾದ ಸೆನೆಟರ್ ಬ್ರೆಂಟ್ ಹಾಲ್‌ಕೂಂಬ್. ನೋಡಲು ಚೆಂದ, ಕೇಳಲು ಚೆಂದ, ಒಳಗೆ ಖಾಲಿ ಡಬ್ಬ. ವ್ಯಾನಿನಿಂದ ಇಳಿದವನೇ ಮೊದಲು ಮಾಡಿದ ಕೆಲಸ ಕಿಟಕಿಯ ಗಾಜಿನಲ್ಲಿ ತಲೆ ಬಾಚಿಕೊಂಡದ್ದು.

ಎಂಬತ್ತೆಂಟನೆಯ ಪ್ರಶ್ನೆ ಮೈಮೇಲಿನ ಗಾಯ, ಆಪರೇಷನ್ನುಗಳ ಬಗ್ಗೆ. "ಬಲಗೆನ್ನೆ ಮೇಲೆ ಒಂದು ಗಾಯದ ಗುರುತಿದೆ ಮೇಡಂ, ಚಿಕ್ಕಂದಿನಲ್ಲಿ ನಾಯಿ ಕಚ್ಚಿದ್ದು. ಪೌಡರ್ ಹಚ್ಚಿದ್ರೂ ಕ್ಯಾಮೆರಾಗೆ ಗೊತ್ತಾಗ್ಬಿಡುತ್ತೆ. ಅದಕ್ಕೇ ನಾನು ಯಾವಾಗ್ಲೂ ಎಡಗೆನ್ನೆ ಕೊಡ್ತೀನಿ," ಎಂದು ಎಡಗೆನ್ನೆ ತೋರಿಸಿದ. ನಾನು ಬರೆದುಕೊಂಡೆ. ಇಂಥದ್ದನ್ನೂ ಬರೆದುಕೊಳ್ಳಬೇಕು, ಸಂಬಳ ಅದಕ್ಕೇ.

ಕೊನೆಯಲ್ಲಿ ಗಡಿಯಾರ ಬಿಚ್ಚಿಟ್ಟು ಸುಮ್ಮನಾದೆ. ಹದಿನಾಲ್ಕನೆಯ ಸೆಕೆಂಡಿಗೆ ಬ್ರೆಂಟ್ ಬೆವರಿದ. ಕಾನೂನು ಪದವಿಯ ಕೊನೆಯ ಪರೀಕ್ಷೆಯಲ್ಲಿ ತನ್ನ ಬದಲು ರೂಮಿನ ಗೆಳೆಯ ಬರೆದದ್ದನ್ನು ಕಕ್ಕಿಬಿಟ್ಟ. ನಾನು ಮುಚ್ಚಳ ತೆಗೆದು ಅದನ್ನೂ ಬರೆದೆ.

"ನಮ್ಮನ್ನ ನೀವು ಕೇಳೋದು ಏನಾದ್ರೂ ಇದೆಯಾ ಸೆನೆಟರ್?" ಎಂದೆ. ಇದು ನಾನು ಎಲ್ಲರನ್ನೂ ಕೇಳುವ ಮಾತು.

ಅವನು ಒಂದು ಗಳಿಗೆ ಯೋಚಿಸಿದ. "ಘೋಷಣೆ ದಿವಸ ವೇದಿಕೆ ಮೇಲೆ ನಾನು ಗವರ್ನರ್ ಅವರ ಯಾವ ಕಡೆ ನಿಂತ್ಕೋಬೇಕು?"

ಡೆಕ್ಸ್ಟರ್ ನನಗಿಂತ ಮೊದಲು ಬಾಯಿ ಹಾಕಿದ. "ಬಲಗಡೆ. ಬಲಗೈ ಹಿಡ್ಕೊಂಡು ಮೇಲೆತ್ತಿ. ಯಾವ ಕಾರಣಕ್ಕೂ ಎಡಗಡೆ ಬೇಡ."

ಯಾಕೆ ಎಂದು ಬ್ರೆಂಟ್ ಕೇಳಲಿಲ್ಲ. "ಸರಿ ಸರಿ," ಎಂದು ಮತ್ತೆ ಪೈಪುಗಳ ನಡುವೆ ಕೂತು ಹೊರಟುಹೋದ.

ಅವತ್ತು ಸಂಜೆ ನಾವು ಮೂವರೂ ಹಿಂದಿನ ಜಗಲಿಯಲ್ಲಿ ಕೂತು ಕಿತ್ತಾಡಿದೆವು. ಡೆಕ್ಸ್ಟರ್ ನಕ್ಷೆ ಹರಡಿದ.

"ಅಧ್ಯಕ್ಷರನ್ನ ಆರಿಸೋ ಮಂಡಳಿಲಿ ಆರಿಜೋನಾದ್ದು ಹನ್ನೊಂದು ಮತ ಇವೆ ಮೇಡಂ. ಇವನು ಬಂದ್ರೆ ಅದು ನಮ್ದು. ಟೀವಿಲಿ ಚೆನ್ನಾಗಿ ಕಾಣ್ತಾನೆ. ಹೇಳಿದ್ದಷ್ಟೇ ಮಾಡ್ತಾನೆ. ಆ ಪರೀಕ್ಷೆ ವಿಷಯ ಬೇರೆ ಇದೆ, ಇನ್ನು ಅವನ ಜುಟ್ಟು ನಮ್ಮ ಕೈಲಿ. ಬಾಲ ಬಿಚ್ಚೋಕೆ ಧೈರ್ಯ ಬರಲ್ಲ."

"ಜುಟ್ಟು ಹಿಡಿಯೋಕೆ ಹುಡುಕ್ತಿದ್ದೀವೇನಯ್ಯಾ ನಾವು?" ನನಗೆ ಮೈ ಉರಿದುಹೋಯಿತು. "ಪರೀಕ್ಷೆ ಕೂಡ ಬೇರೆಯವನ ಕೈಲಿ ಬರೆಸಿದವನು ಅವನು. ನಾಳೆ ಕಾರ್ಲ್‌ಗೆ ಇನ್ನೊಂದು ಏಟು ಬಿದ್ದರೆ ಸೈನ್ಯ, ಬಾಂಬು, ದೇಶ ಎಲ್ಲ ಆ ಎಡಗೆನ್ನೆ ಕೈಗೆ ಹೋಗುತ್ತೆ. ಉಪಾಧ್ಯಕ್ಷನಿಗೆ ಇರೋದು ಒಂದೇ ಕೆಲಸ. ಬೆಳಿಗ್ಗೆ ಎದ್ದು ಅಧ್ಯಕ್ಷ ಉಸಿರಾಡ್ತಿದ್ದಾನಾ ಅಂತ ನೋಡೋದು. ಆಡ್ತಿಲ್ಲ ಅಂದ್ರೆ ಆ ಕ್ಷಣದಿಂದ ಕೆಲಸ ಮಾಡೋದು. ಅದು ಬರೋವ್ರನ್ನ ಆರಿಸಬೇಕು. ಬಾಕಿದ್ದೆಲ್ಲ ಬಣ್ಣದ ಕಾಗದ."

"ನನ್ನನ್ನ ಇವತ್ತೇ ಮಣ್ಣು ಮಾಡೋ ಹಾಗಿದ್ದೀಯ ನೀನು," ಎಂದ ಕಾರ್ಲ್.

"ನಿನ್ನ ಮೇಲಿನ ಪ್ರೀತಿಗೇ ಹೇಳ್ತಿರೋದು ಕಣೋ."

"ಪ್ರೀತಿ ಇದ್ರೆ ಬಾಯಿ ಮುಚ್ಕೊಂಡಿರು. ನನಗೆ ಬೇಕಾಗಿರೋದು ನನ್ನ ಹಿಂದೆ ನಿಲ್ಲೋನು. ನನ್ನ ಕುರ್ಚಿ ಅಳತೆ ತಗೊಳ್ಳೋನಲ್ಲ."

"ಲುವೆಲ್ಲಾನ ಒಂದ್ಸಲ ನೋಡು. ಆಮೇಲೆ ನಿನ್ನಿಷ್ಟ."

ಲುವೆಲ್ಲಾ ಟಿಬ್ಬೆಟ್ಸ್ ಎಂಬ ಹೆಸರು ಕಿವಿಗೆ ಬಿದ್ದ ತಕ್ಷಣ ಕಾರ್ಲ್‌ನ ಮುಖ ಗಂಟಿಕ್ಕಿತು. ನೆಬ್ರಾಸ್ಕಾದ ಮಾಜಿ ಗವರ್ನರ್ ಆಕೆ. ಎರಡು ವರ್ಷ ಒಂದರ ಹಿಂದೊಂದು ಪ್ರವಾಹ ಬಂದಾಗ ರಾಜ್ಯವನ್ನು ಕೈಯಾರೆ ಎತ್ತಿ ನಿಲ್ಲಿಸಿದವಳು. ಈ ಸಲ ಪಕ್ಷದೊಳಗೆ ಕಾರ್ಲ್ ವಿರುದ್ಧವೇ ನಿಂತು ಸೋತಿದ್ದಳು. ಸೋಲುವ ಮುಂಚೆ ಇಡೀ ದೇಶದ ಎದುರಿಗೆ ಅವನನ್ನು "ಪಾಲಿಶ್ ಹಾಕಿದ ಬೂಟು, ಒಳಗೆ ಕಾಲಿಲ್ಲ" ಎಂದು ಹಂಗಿಸಿದ್ದಳು. ಅವನು ಅದನ್ನು ಮರೆತಿರಲಿಲ್ಲ. ಆದರೂ ನಾನು ಪಟ್ಟು ಬಿಡಲಿಲ್ಲ, ಕೊನೆಗೆ ಅವನು ಒಪ್ಪಿಕೊಂಡ. ಡೆಕ್ಸ್ಟರ್ ತಣ್ಣಗೆ, "ಕರೆಸಿ, ಹೆಂಗಸರೂ ಪಟ್ಟಿಲಿದ್ರು ಅಂತ ಹೇಳ್ಕೋಬಹುದು," ಎಂದ. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ನನಗೆ.

ಮರುದಿನ ವ್ಯಾನು ಲುವೆಲ್ಲಾಳನ್ನು ಕರೆತರಲು ಹೋಗಿ ಖಾಲಿ ವಾಪಸು ಬಂತು. ಆಕೆ ಬಾಡಿಗೆ ಕಾರಿನಲ್ಲಿ ಮುಂದಿನ ಗೇಟಿಗೇ ಬಂದು ಇಳಿದು, ಪತ್ರಿಕೆಯವರ ಕೈಯಿಂದ ಒಂದು ಲೋಟ ಕಾಫಿ ಇಸಿದುಕೊಂಡು ಕುಡಿದು, ಬಾಗಿಲು ತಟ್ಟಿದಳು. ಅರವತ್ತನಾಲ್ಕು ವರ್ಷ, ಗಟ್ಟಿ ಮೈಕಟ್ಟು, ಚಪ್ಪಟೆ ಚಪ್ಪಲಿ.

"ಕಳ್ಳರ ಥರ ಹಿಂದುಗಡೆಯಿಂದ ಬರೋಕೆ ನಾನೇನು ನಿಮ್ಮ ನಲ್ಲಿ ಕದಿಯೋಕೆ ಬಂದಿದ್ದೀನಾ?" ಎಂದಳು ಡೆಕ್ಸ್ಟರ್‌ಗೆ. ಅವನ ಕೈಗೆ ಖಾಲಿ ಲೋಟ ಕೊಟ್ಟು ಒಳಗೆ ನಡೆದಳು.

ಊಟಕ್ಕೆ ಕರಿದ ಮೀನು, ಬೇಯಿಸಿದ ಮುಸುಕಿನ ಜೋಳ. ಆಗಸ್ಟ್ ತಿಂಗಳು, ನಮ್ಮ ಕಡೆಯ ಜೋಳಕ್ಕೆ ಅದೇ ಕಾಲ. ಲುವೆಲ್ಲಾ ತೆನೆಗೆ ಬೆಣ್ಣೆ ಸವರಿ, ಎರಡೂ ಕೈಯಲ್ಲಿ ಹಿಡಿದು, ಗಲ್ಲಕ್ಕೆ ಮೆತ್ತಿಕೊಂಡು ತಿಂದಳು. ಕಾರ್ಲ್‌ನ ತಟ್ಟೆಯಲ್ಲಿ ಮಾತ್ರ ತೆನೆಯಿಂದ ಬಿಡಿಸಿಟ್ಟ ಕಾಳು. ಅಡುಗೆಯವಳಿಗೆ ಹಾಗೆ ಮಾಡಲು ಡೆಕ್ಸ್ಟರ್ ಮೊದಲೇ ಹೇಳಿದ್ದ. ಕಾರ್ಲ್ ಬಲಗೈಯಲ್ಲಿ ಫೋರ್ಕ್ ಹಿಡಿದು ಕಾಳು ಹೆಕ್ಕುತ್ತಿದ್ದ. ಎಡಗೈ ಮೇಜಿನ ಕೆಳಗಿತ್ತು. ಲುವೆಲ್ಲಾ ಅವನ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ತೆನೆಗೆ ಬಾಯಿ ಹಾಕಿದಳು. ನಾನು ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಊಟವಾದ ಮೇಲೆ ಪ್ರಶ್ನೆಗಳು. ಡೆಕ್ಸ್ಟರ್ ಬೇಕೆಂದೇ ಕೆರಳಿಸುತ್ತಿದ್ದ. "ನಿಮ್ಮ ಮಗಳು ಎರಡು ವರ್ಷದಿಂದ ನಿಮ್ಮ ಹತ್ರ ಮಾತಾಡಲ್ವಂತೆ?" ಎಂದು ಕೇಳಿದಾಗ ನನಗೇ ನಾಚಿಕೆಯಾಯಿತು.

"ಮೂರು ವರ್ಷ," ಎಂದಳು ಲುವೆಲ್ಲಾ. "ಗವರ್ನರ್ ಆಗಿದ್ದಾಗ ಒಬ್ಬ ಖೈದಿಗೆ ನಾನು ಮರಣದಂಡನೆ ತಪ್ಪಿಸಲಿಲ್ಲ. ಅವಳು ಆ ಖೈದಿಯ ವಕೀಲೆ. ಅವಳು ಹೇಳಿದ್ದೇ ಸರಿ ಇತ್ತು ಅಂತ ನನಗೆ ಆಮೇಲೆ ಅನ್ನಿಸ್ತು. ಬರ್ಕೊಳ್ಳಿ. ಅಕ್ಷರ ತಪ್ಪಿಲ್ದೆ ಬರ್ಕೊಳ್ಳಪ್ಪ."

ಡೆಕ್ಸ್ಟರ್ ತಲೆ ತಗ್ಗಿಸಿ ಬರೆದುಕೊಂಡ.

ಸಂಜೆ ಐದಕ್ಕೆ ಇನ್ನೂರ ಹತ್ತು ಮುಗಿಯಿತು. ಪೆನ್ನಿಗೆ ಮುಚ್ಚಳ ಹಾಕಿದೆ. ಗಡಿಯಾರ ಬಿಚ್ಚಿಟ್ಟೆ. "ನಾವು ಕೇಳದೆ ಬಿಟ್ಟಿದ್ದು ಏನಾದ್ರೂ ಇದೆಯಾ?"

ಹದಿನಾಲ್ಕು ಸೆಕೆಂಡು ಕಳೆಯಿತು. ಐವತ್ತು ಕಳೆಯಿತು. ಆಕೆ ಹಲ್ಲಿನ ಸಂದಿಗೆ ಸಿಕ್ಕಿದ ಜೋಳದ ಸಿಪ್ಪೆಯನ್ನು ನಾಲಗೆಯಿಂದ ತಳ್ಳುತ್ತ ನನ್ನನ್ನೇ ನೋಡುತ್ತ ಕೂತಿದ್ದಳು. ಒಂದು ನಿಮಿಷ ಕಳೆದು, ಒಂದೂವರೆಯಾಯಿತು. ಕಸುಬಿಗೆ ಬಿದ್ದ ಮೇಲೆ ಮೊದಲ ಸಲ ನಾನು ಸೋತು ಗಡಿಯಾರ ಕಟ್ಟಿಕೊಂಡೆ.

"ಮುಗೀತಾ?" ಎಂದಳು. "ನನಗೆ ಕೇಳೋಕೆ ಏನಾದ್ರೂ ಇದೆಯಾ ಅಂತ ನೀವು ಕೇಳಬೇಕಲ್ಲ ಈಗ. ಕೇಳಿಬಿಡಿ ವಿನಿಫ್ರೆಡ್."

ನಾನು ಕೇಳಲಿಲ್ಲ. ಆಕೆ ಕಾಯಲೂ ಇಲ್ಲ. ಕಾರ್ಲ್ ಕಡೆಗೆ ತಿರುಗಿದಳು.

"ಆಗಸ್ಟ್ ತಿಂಗಳಲ್ಲಿ ಜೋಳವನ್ನ ಫೋರ್ಕಲ್ಲಿ ತಿನ್ನೋ ಓಹಾಯೊದವನನ್ನ ನಾನು ಈವರೆಗೆ ನೋಡಿಲ್ಲ. ನಾನು ಜೋಳದ ನಾಡಿನವಳು. ಒಂದು ಕೈ ಇಲ್ದೋನು ಕೂಡ ತೆನೇನೇ ಎತ್ತಿ ತಿಂತಾನೆ, ಮುಚ್ಚಿಡೋಕೆ ಏನೂ ಇಲ್ಲ ಅಂದ್ರೆ. ಕಾರ್ಲ್, ನಿಮ್ಮ ಆರೋಗ್ಯ ಹೇಗಿದೆ?"

"ಕುದುರೆ ಥರ ಇದ್ದೀನಿ," ಎಂದ ಕಾರ್ಲ್. ಕಣ್ಣು ಕೂಡ ಮಿಟುಕಿಸಲಿಲ್ಲ.

"ಒಳ್ಳೇದು." ಲುವೆಲ್ಲಾ ತನ್ನ ಕೈಗಡಿಯಾರ ಬಿಚ್ಚಿದಳು. ಹಳೆಯ ಗಂಡಸರ ಗಡಿಯಾರ, ಚರ್ಮದ ಪಟ್ಟಿ. ಅದನ್ನು ನನ್ನ ಮುಂದೆ ಇಟ್ಟಳು, ಕಾರ್ಲ್ ಮುಂದೆ ಅಲ್ಲ. "ನಾನು ಕೇಳದೆ ಬಿಟ್ಟಿದ್ದು ಏನಾದ್ರೂ ಇದೆಯಾ ವಿನಿಫ್ರೆಡ್?"

ಆಮೇಲೆ ಸುಮ್ಮನಾದಳು.

ಆ ಮೌನದ ಈಚೆ ಕಡೆಯಲ್ಲೇ ನಾನು ಅದುವರೆಗೆ ಕೂತಿದ್ದದ್ದು. ಆಚೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗಡಿಯಾರದ ಟಿಕ್ ಟಿಕ್ ಕಿವಿಯೊಳಗೆ ಬಡಿಯತೊಡಗಿತು. ಹತ್ತು. ಡೆಕ್ಸ್ಟರ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಇಪ್ಪತ್ತು. ಕಾರ್ಲ್ ನನ್ನನ್ನು ನೋಡುತ್ತಿದ್ದ. ಆ ನೋಟದಲ್ಲಿ ಮೂವತ್ತನಾಲ್ಕು ವರ್ಷ ಇತ್ತು, ಅವನ ಹೆಂಡತಿಯ ಶವದ ಪಕ್ಕ ನಾವಿಬ್ಬರೂ ಕೂತದ್ದೂ ಇತ್ತು. ನನಗೆ ಟೀವಿಯಲ್ಲಿ ಅತ್ತ ಆ ಹೋಟೆಲಿನ ಹೆಂಗಸು ನೆನಪಾದಳು. ಮೂವತ್ತೆಂಟನೆಯ ಸೆಕೆಂಡಿಗೆ ನನ್ನ ಬಾಯಿ ತಾನಾಗಿ ತೆರೆಯಿತು.

"ಅದು ಮೊಟ್ಟೆ ಸ್ಯಾಂಡ್‌ವಿಚ್ ಅಲ್ಲ," ಎಂದೆ. "ಲಕ್ವ. ಮಾರ್ಚ್ ಒಂಬತ್ತು. ಎಡಗೈ ಏಳಲ್ಲ. ಇನ್ನೊಂದು ಯಾವಾಗ ಬೇಕಾದ್ರೂ ಬರಬಹುದು."

ಕಾರ್ಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕುರ್ಚಿ ಉರುಳಿಬಿತ್ತು.

"ನನ್ನ ಮನೇಲಿ, ನನ್ನ ಅನ್ನ ತಿಂದು, ನನ್ನ ಬೆನ್ನಿಗೇ ಚೂರಿ ಹಾಕ್ತೀಯಾ? ಥೂ! ಎದ್ದು ನಡಿ. ಇನ್ನೊಂದ್ಸಲ ನನ್ನ ಕಣ್ಣಿಗೆ ಬೀಳಬೇಡ."

"ಕಾರ್ಲ್..."

"ನಡಿ ಅಂದೆ!"

ಡೆಕ್ಸ್ಟರ್ ಆಗಲೇ ಲುವೆಲ್ಲಾಳ ಕಡತವನ್ನು ಎದೆಗವಚಿಕೊಂಡಿದ್ದ. "ಮೇಡಂ, ನಿಮ್ಮ ಮಗಳ ವಿಷಯ, ಆ ಖೈದಿ ವಿಷಯ, ಎಲ್ಲ ನಮ್ಮ ಹತ್ರ ಇದೆ. ಈ ಮಾತು ಹೊರಗೆ ಹೋದ್ರೆ ಅದೂ ಹೋಗುತ್ತೆ. ಯೋಚನೆ ಮಾಡಿ."

ಲುವೆಲ್ಲಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಗಡಿಯಾರ ಕಟ್ಟಿಕೊಳ್ಳುತ್ತ ಕಾರ್ಲ್‌ಗೆ ಹೇಳಿದಳು: "ನಾನು ಯಾರಿಗೂ ಹೇಳಲ್ಲ. ಈ ಹುಡುಗನ ಬೆದರಿಕೆಗೆ ಅಲ್ಲ. ಅದು ನಿಮ್ಮ ಮೈ, ನೀವೇ ಹೇಳಬೇಕಾದ ಮಾತು. ಹೇಳಿ. ಮಹಾಸಭೆಗೆ ಮುಂಚೆ ಹೇಳಿ. ಹೇಳಿದ ದಿವಸ ನಾನು ಬಂದು ನಿಮ್ಮ ಎಡಗಡೆ ನಿಲ್ತೀನಿ, ಆ ಕೈ ಹಾಗೇ ಇರ್ಲಿ, ಯಾರೂ ಎತ್ತೋದು ಬೇಡ. ನಿಮ್ಮನ್ನ ಕಂಡ್ರೆ ನಂಗಾಗಲ್ಲ ಕಾರ್ಲ್. ಆದ್ರೂ ನಿಲ್ತೀನಿ."

"ನಿನ್ನ ದಯೆ ನನಗೆ ಬೇಡ," ಎಂದ ಕಾರ್ಲ್.

"ದಯೆ ಅಲ್ಲ ಅದು. ಕೆಲಸ." ಆಕೆ ಮುಂಬಾಗಿಲಿನಿಂದಲೇ ಹೊರಟಳು. ನಾನೂ ಹಿಂದೆಯೇ ಹೊರಟೆ. ಮೆಟ್ಟಿಲ ಮೇಲೆ ಆಕೆ ನನ್ನ ಕಡೆ ತಿರುಗಿ, "ಐದು ತಿಂಗಳು ತಡ ಮಾಡಿದ್ರಿ ನೀವು," ಎಂದಳು.  ಗೇಟಿನ ಹೊರಗೆ ಪತ್ರಿಕೆಯವರು ಮುತ್ತಿಕೊಂಡು ಯಾರು, ಯಾರು ಎಂದು ಕೂಗಿದರು. ಲುವೆಲ್ಲಾ, "ಜೋಳ ಚೆನ್ನಾಗಿತ್ತು," ಎಂದು ಕಾರು ಹತ್ತಿದಳು. ನಾನೂ ಏನೂ ಹೇಳಲಿಲ್ಲ. ಕಕ್ಷಿಗಾರನ ಗುಟ್ಟು ಕಾಯುವುದು ವಕೀಲರ ಪ್ರಮಾಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ಅದು ನಿಜ, ಇನ್ನರ್ಧ ಪುಕ್ಕಲುತನ.

ಅವನು ಹೇಳುತ್ತಾನೆಂದು ನಾಲ್ಕು ದಿನ ಕಾದೆ. ಫೋನು ಮಾಡಿದೆ, ಎತ್ತಲಿಲ್ಲ. ಕಾಗದ ಬರೆದೆ, ಒಡೆಯದೆ ವಾಪಸು ಬಂತು. ಐದನೆಯ ದಿನ ಬ್ರೆಂಟ್ ಹಾಲ್‌ಕೂಂಬ್ ಹೆಸರು ಹೊರಬಿತ್ತು.

ಘೋಷಣೆಯ ಸಭೆ ಸ್ಯಾಂಡಸ್ಕಿಯಲ್ಲೇ, ಹಡಗುಕಟ್ಟೆಯ ಪಕ್ಕದ ಮೈದಾನದಲ್ಲಿ, ಮಟಮಟ ಮಧ್ಯಾಹ್ನ. ನನಗೆ ಅಲ್ಲಿಗೆ ಪ್ರವೇಶವಿರಲಿಲ್ಲ. ಎರಡು ಬೀದಿ ಆಚೆ ಮೀನು ಕರಿದು ಕೊಡುವ ಅಂಗಡಿಯಲ್ಲಿ ಕೂತು ಗೋಡೆಯ ಟೀವಿಯಲ್ಲಿ ನೋಡಿದೆ. ಅಂಗಡಿ ತುಂಬ ಜನ. ಪಕ್ಕದ ಮೇಜಿನ ದಂಪತಿಗಳಿಬ್ಬರೂ ಜೇಬಿನಲ್ಲಿ ಕೈಯಿಟ್ಟ ಕಾರ್ಲ್‌ನ ಚಿತ್ರದ ಟೀಶರ್ಟು ತೊಟ್ಟಿದ್ದರು.

ಕಾರ್ಲ್ ಚೆನ್ನಾಗಿ ಮಾತಾಡಿದ. ಹಾಳಾದವನು, ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತಾನೆ. ಬ್ರೆಂಟ್‌ನನ್ನು ಕರೆದ. ಬ್ರೆಂಟ್ ಓಡುತ್ತ ಬಂದ, ಡೆಕ್ಸ್ಟರ್ ಹೇಳಿಕೊಟ್ಟಂತೆ ಬಲಗಡೆ ಬಂದು ನಿಂತ. ನಾನು ಉಸಿರು ಬಿಟ್ಟೆ. ಬ್ಯಾಂಡು ಶುರುವಾಯಿತು. ಇನ್ನು ನಮ್ಮಲ್ಲಿ ಪ್ರತಿ ಚುನಾವಣೆಯಲ್ಲೂ ಆಗುವುದೇ ಆಗಬೇಕು: ಇಬ್ಬರೂ ಕೈ ಕೈ ಹಿಡಿದು ಮೇಲೆತ್ತಬೇಕು, ಆ ಫೋಟೋ ಮರುದಿನ ಎಲ್ಲ ಪತ್ರಿಕೆಗಳ ಮೊದಲ ಪುಟಕ್ಕೆ ಹೋಗಬೇಕು.

ಕ್ಯಾಮೆರಾದವರು ಎದುರಿಗೆ ದಟ್ಟವಾಗಿ ನೆರೆದರು. ಬ್ರೆಂಟ್ ಕಾರ್ಲ್ ಕಡೆ ತಿರುಗಿ ನಕ್ಕ. ತಿರುಗಿದಾಗ ಅವರ ಕಡೆಗೆ ಬಂದದ್ದು ಅವನ ಬಲಗೆನ್ನೆ, ನಾಯಿ ಕಚ್ಚಿದ ಕೆನ್ನೆ. ಅದು ಅವನಿಗೆ ಹೊಳೆದದ್ದು ನನಗೆ ಟೀವಿಯಲ್ಲೇ ಕಂಡಿತು.

"ಬೇಡ," ಎಂದೆ ಜೋರಾಗಿ. ಪಕ್ಕದ ಮೇಜಿನವರು ನನ್ನ ಕಡೆ ನೋಡಿದರು.

ಅವನು ಕಾರ್ಲ್‌ನ ಬೆನ್ನು ತಟ್ಟುತ್ತ, ಜನರಿಗೆ ಕೈ ಬೀಸುತ್ತ, ಹಿಂದಿನಿಂದ ಸುತ್ತಿ ಎಡಗಡೆಗೆ ಬಂದ. ಕಾರ್ಲ್ ಬೇಡ ಎಂಬಂತೆ ತಲೆಯಾಡಿಸಿದ. ಬ್ಯಾಂಡಿನ ಗದ್ದಲದಲ್ಲಿ ಬ್ರೆಂಟ್ ಅದನ್ನು ಗಮನಿಸಲೇ ಇಲ್ಲ. ಕಾರ್ಲ್‌ನ ಜೇಬಿನಿಂದ ಆ ಎಡಗೈಯನ್ನು ಸರಕ್ಕನೆ ಎಳೆದು ತೆಗೆದು, ಬಿಗಿಯಾಗಿ ಹಿಡಿದು, ಇಡೀ ಶಕ್ತಿಯಿಂದ ಮೇಲಕ್ಕೆತ್ತಿದ.

ಕೈ ಎದೆಯವರೆಗೆ ಬಂತು. ಅಲ್ಲಿಗೆ ನಿಂತಿತು. ಕಾರ್ಲ್ ನೋವಿಗೆ ಬಾಯಿ ತೆರೆದ. ಬ್ರೆಂಟ್ ಕ್ಯಾಮೆರಾಗೆ ಎಡಗೆನ್ನೆ ಕೊಟ್ಟು ನಗುತ್ತಲೇ ಇನ್ನೊಂದು ಸಲ ಜಗ್ಗಿದ. ಕಾರ್ಲ್ ಒಂದೇ ಬದಿಗೆ ವಾಲಿ ಭಾಷಣದ ಕಟ್ಟೆಗೆ ಬಲಗೈ ಊರಿದ. ಆಗಷ್ಟೇ ಬ್ರೆಂಟ್ ತಾನು ಹಿಡಿದದ್ದರ ಕಡೆಗೆ ನೋಡಿ ಬಿಟ್ಟುಬಿಟ್ಟ. ಆ ಕೈ ಒದ್ದೆ ಟವೆಲಿನ ಹಾಗೆ ಕೆಳಗೆ ಬಿತ್ತು. ಬೆರಳುಗಳು ಮಡಚಿಕೊಂಡೇ ಇದ್ದವು. ಬ್ಯಾಂಡು ನಿಂತಿತು.

 ಅಂಗಡಿಯ ಕೌಂಟರಿನ ಹಿಂದಿನ ಮುದುಕ ಕರಿಯುವ ಸೌಟು ಕೆಳಗಿಟ್ಟು, "ಅಯ್ಯೋ, ನಮ್ಮಪ್ಪನಿಗೂ ಹೀಗೇ ಆಗಿತ್ತು. ಅದು ಲಕ್ವ ಕಣ್ರೀ," ಎಂದ. ಒಬ್ಬ ಮೀನು ಕರಿಯುವವನಿಗೆ ಒಂದು ಕ್ಷಣ ಸಾಕಾಯಿತು. ಪಕ್ಕದ ಮೇಜಿನ ಹೆಂಗಸು ತನ್ನ ಟೀಶರ್ಟಿನ ಚಿತ್ರದ ಮೇಲೆ ಕೈ ಅಡ್ಡ ಇಟ್ಟುಕೊಂಡಳು. ನಾನು ಅತ್ತೆ. ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೂ ಅತ್ತೆ. ಲಕ್ಷಾಂತರ ಜನರ ಎದುರಿಗೆ ಆ ಕೈಯನ್ನು ಮತ್ತೆ ಜೇಬಿನೊಳಗೆ ತುರುಕಲು ಬಲಗೈಯಿಂದ ಒದ್ದಾಡುತ್ತಿದ್ದವನು ನನ್ನ ಗೆಳೆಯ.

ಇಪ್ಪತ್ತು ನಿಮಿಷದ ಮೇಲೆ ನನ್ನ ಫೋನು ಬಡಿದುಕೊಂಡಿತು. ಕಾರ್ಲ್ ಇರಬಹುದೆಂದು ಎತ್ತಿದೆ. ಬ್ರೆಂಟ್.

"ಮೇಡಂ, ಏನಿದು ಅನ್ಯಾಯ?" ಅವನ ದನಿ ಕೀರಲಾಗಿತ್ತು. "ಇಡೀ ದೇಶ ನನ್ನ ಮುಖಕ್ಕೆ ಉಗೀತಿದೆ. ಕಾಯಿಲೆಯವನ ಕೈ ತಿರುಚಿದ ಅಂತಿದ್ದಾರೆ. ಡೆಕ್ಸ್ಟರ್ ಫೋನ್ ಎತ್ತಲ್ಲ. ನಿಮಗೆ ಗೊತ್ತಿತ್ತು ಅಲ್ವಾ? ನನ್ನ ಹೊಟ್ಟೆ ಬಗೆದು ಇನ್ನೂರ ಹನ್ನೊಂದು ಪ್ರಶ್ನೆ ಕೇಳಿದ್ರಲ್ಲ, ನನಗೆ ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡೆ. ಅವನಿಗೆ ನಾವು ಮಾಡಿದ್ದು ತಪ್ಪೇ. ಆದರೆ ಆ ಕುರ್ಚಿಗೆ ಹತ್ತು ಹೆಜ್ಜೆ ದೂರದಲ್ಲಿ ಕೂರಲು ಹೊರಟಿದ್ದವನು ಅವನು.

"ನೀವೂ ನಮ್ಮನ್ನ ಒಂದು ಪ್ರಶ್ನೆ ಕೇಳಿದ್ರಿ ಸೆನೆಟರ್," ಎಂದೆ. "ಯಾವ ಕಡೆ ನಿಂತ್ಕೋಬೇಕು ಅಂತ. ಅದಕ್ಕೆ ಸರಿಯಾಗೇ ಉತ್ತರ ಕೊಟ್ಟಿದ್ವಿ."